ಮೈಕ್ ಮೇಷ್ಟ್ರ ಮೌನಪಾಠ

ಬೆಳಿಗ್ಗೆ ಎದ್ದು ಹೆಂಡತಿಯನ್ನು ಕರೆಯಲು ಬಾಯಿ ತೆರೆದಾಗ ಗಣಿತದ ಮೇಷ್ಟ್ರ ಗಂಟಲಿನಿಂದ ಬರೀ ಗಾಳಿ ಹೊರಟಿತು. ಹಿಂದಿನ ದಿನವೆಲ್ಲ "ನೀವೇ ಯೋಚ್ನೆ ಮಾಡ್ರೋ, ನೀವೇ ಪ್ರಶ್ನೆ ಕೇಳ್ರೋ" ಎಂದು ಐದನೇ ಕ್ಲಾಸಿನ ಮೇಲೆ ಕಿರುಚಿ ಕಿರುಚಿ ಅಭ್ಯಾಸ ಮಾಡಿಸಿದ್ದರ ಫಲ. ಊರೆಲ್ಲ ಅವರನ್ನು ಮೈಕ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಆ ಮೈಕು ಕೆಡಬಾರದ ದಿನವೇ ಕೆಟ್ಟು ಕೂತಿತ್ತು.

ಹೊಸ ಪಠ್ಯಕ್ರಮದ ಪಾಠ ನೋಡಲು ಅಂದು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಪಾಠ ಮಕ್ಕಳಿಂದಲೇ ನಡೆಯಬೇಕು, ಸೀಮೆಸುಣ್ಣ ಮಕ್ಕಳ ಕೈಯಲ್ಲೇ ಇರಬೇಕು, ಒಂದು ಮಗುವೂ ಹೊರಗುಳಿಯಬಾರದು. ಇದಕ್ಕೆ ಒಗ್ಗದವರನ್ನು ರೈಲು ಹಳಿ ಮುಗಿಯುವ ಊರಿಗೆ ಎತ್ತಿ ಹಾಕುತ್ತಾರೆಂದು ಸುದ್ದಿ. ಮೇಷ್ಟ್ರ ಹೆಂಡತಿಗೋ ದಿನ ತುಂಬಿತ್ತು, ಮನೆಯಲ್ಲಿ ನೋಡಿಕೊಳ್ಳಲು ಇನ್ನೊಬ್ಬರಿಲ್ಲ. ಇಂಥ ಹೊತ್ತಲ್ಲಿ ವರ್ಗಾವಣೆಯಾದರೆ ಗತಿಯೇನು?

ಶಾಲೆಗೆ ಹೋಗಿ ಅವರು ಕೈಸನ್ನೆ ಮಾಡಿ ವಿಷಯ ತಿಳಿಸಿದಾಗ ಹೆಡ್‌ಮಾಸ್ಟರು ತಲೆ ಮೇಲೆ ಕೈ ಹೊತ್ತರು.

"ಕಡಿಮೆ ಮಾತಾಡಿ ಅಂದ್ರೆ ಮೂಗರಾಗಿ ಅಂತಲ್ಲ ಕಣ್ರೀ! ಹೋದ ಸಲ ಸಾಹೇಬ್ರು ಬಂದಾಗ್ಲೂ ನೀವು ರಜ. ಈಗ ಹುಷಾರಿಲ್ಲ ಅಂದ್ರೆ ನಂಬ್ತಾರಾ?"

ವಿಜ್ಞಾನದ ಟೀಚರು ಉಪ್ಪುನೀರಿನ ಲೋಟ ತಂದರು. "ಮುಕ್ಕಳಿಸಿ ಸಾರ್, ಕ್ಷಣದಲ್ಲಿ ಸರಿಹೋಗುತ್ತೆ." ನೀರು ಇನ್ನೂ ಕುದಿಯುತ್ತಿತ್ತು, ನಾಲಿಗೆ ಸುಟ್ಟಿತು. ಡ್ರಿಲ್ ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. "ಇದು ನರ ಹಿಡ್ಕೊಂಡಿರೋದು" ಎಂದು ಕತ್ತನ್ನು ನಲ್ಲಿಯಂತೆ ತಿರುವಿದರು. ಗಂಟಲು ಬಿಡಲಿಲ್ಲ, ಕತ್ತೂ ಹಿಡಿದುಕೊಂಡಿತು. ಅಷ್ಟರಲ್ಲಿ ಗೇಟಿನ ಹತ್ತಿರ ಜೀಪು ನಿಂತಿತು.

ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತು ಪೆನ್ನು ತೆಗೆದರು. ಮೇಷ್ಟ್ರು ಕಾಗದವೊಂದನ್ನು ನಾಲ್ಕಾಗಿ ಮಡಚಿ, ಬಿಡಿಸಿ, ತುಟಿ ಆಡಿಸಿದರು. ಸದ್ದಿಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು. ಮುಗೀತು ನನ್ನ ಕತೆ ಎಂದುಕೊಂಡರು ಮೇಷ್ಟ್ರು.

ಆಗ ಮೂಲೆಯಿಂದ ಒಬ್ಬ ಹುಡುಗಿ ಎದ್ದು ಬಂದಳು. ಅವಳಿಗೆ ಕಿವಿ ಕೇಳಿಸದು, ತುಟಿ ನೋಡಿಯೇ ಮಾತು ತಿಳಿಯಬೇಕು. ಮೇಷ್ಟ್ರು ಇಷ್ಟು ದಿನ ಬೋರ್ಡಿಗೆ ಮುಖ ಮಾಡಿಯೇ ಗರ್ಜಿಸುತ್ತಿದ್ದರಿಂದ ಅವಳಿಗೆ ಅವರ ಬೆನ್ನಿನ ಪರಿಚಯವಷ್ಟೇ ಇತ್ತು. ಇಂದು ಕತ್ತು ತಿರುಗದೆ ಮುಖ ಮಕ್ಕಳ ಕಡೆಗೇ ನಿಂತಿತ್ತಲ್ಲ, ಅವರ ತುಟಿ ಆಡಿದ್ದನ್ನೇ ಅವಳು ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಬರೆದಳು: "ಇದರಲ್ಲಿ ಒಂದು ತುಂಡು ತೆಗೆದರೆ ಉಳಿಯೋದೆಷ್ಟು?"

"ಮುಕ್ಕಾಲು!" ಎಂದು ಇಡೀ ಕ್ಲಾಸು ಕೂಗಿತು.

ಆಮೇಲೆ ತಡೆಯುವವರೇ ಇಲ್ಲ. ಮೇಷ್ಟ್ರು ತುಟಿ ಆಡಿಸುವುದು, ಅವಳು ಬರೆಯುವುದು, ಮಕ್ಕಳು ಕಾಗದ ಹರಿದು ಜೋಡಿಸಿ ಜಗಳವಾಡುವುದು. ಇಂಥ ಮಗುವನ್ನು ಮೂಲೆಗೆ ಕೂರಿಸಿದ್ದೆನಲ್ಲ ಎಂದು ಮೇಷ್ಟ್ರಿಗೆ ನಿಜಕ್ಕೂ ನಾಚಿಕೆಯಾಯಿತು.

ಆದರೆ ಸಾಹೇಬರು ಏಳುವ ಲಕ್ಷಣವೇ ಇಲ್ಲ. ಬರೆಯುತ್ತಾರೆ, ಬೋರ್ಡನ್ನಷ್ಟೇ ನೋಡುತ್ತಾರೆ, ಮತ್ತೆ ಬರೆಯುತ್ತಾರೆ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಸದ್ದಿಲ್ಲವೆಂಬ ಧೈರ್ಯದಿಂದ ತುಟಿಯಲ್ಲೇ ಗೊಣಗಿಕೊಂಡರು. ಹುಡುಗಿ ಅದನ್ನೂ ದುಂಡಗೆ ಬರೆದಳು.

"ಈ ಮುದುಕ ಯಾವಾಗ ಎದ್ದು ತೊಲಗ್ತಾನಪ್ಪಾ!"

ಮಕ್ಕಳು ಗೊಳ್ಳೆಂದರು. ಬಾಗಿಲಲ್ಲಿದ್ದ ಹೆಡ್‌ಮಾಸ್ಟರು ಚೌಕಟ್ಟು ಹಿಡಿದುಕೊಂಡರು. ಮೇಷ್ಟ್ರು ಮೈಯೆಲ್ಲ ತಿರುಗಿಸಿ ಬೋರ್ಡು ನೋಡಿದರು. ಸಾಹೇಬರು ಎದ್ದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ನಿಧಾನವಾಗಿ ಮುಂದೆ ಬಂದು ಹುಡುಗಿಯ ತಲೆ ಸವರಿದರು.

"ಹೆಡ್‌ಮಾಸ್ಟ್ರೇ, ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ. ಒಂದು ಮಗು ಮನಸ್ಸಲ್ಲಿರೋದನ್ನ ನನ್ನೆದುರಿಗೇ ಹೆದರದೆ ಬರೆದಿದೆ! ಇದಲ್ವೇನ್ರೀ ಮಕ್ಕಳ ಶಾಲೆ ಅಂದ್ರೆ?"

ಮೇಷ್ಟ್ರಿಗೆ ಹೋದ ಉಸಿರು ಬಂತು. ಸಾಹೇಬರು ಅವರ ಬೆನ್ನು ತಟ್ಟಿದರು.

"ನಿಮ್ಮಂಥೋರು ಒಂದೇ ಶಾಲೇಲಿ ಕೊಳೀಬಾರದು. ಸೋಮವಾರವೇ ತರಬೇತಿ ಕೇಂದ್ರಕ್ಕೆ ಹೊರಡಿ. ರೈಲು ಹಳಿ ಮುಗಿಯುತ್ತಲ್ಲ, ಅಲ್ಲಿಂದ ಬಸ್ಸಲ್ಲಿ ಒಂದು ದಿನ. ಎರಡು ವರ್ಷ ಅಲ್ಲೇ ಇರಿ. ಕಡಿಮೆ ಮಾತಾಡೋದು ಹೇಗೆ ಅಂತ ಮೇಷ್ಟ್ರುಗಳಿಗೆಲ್ಲ ಬೆಳಿಗ್ಗೆಯಿಂದ ಸಂಜೆವರೆಗೂ ಭಾಷಣ ಮಾಡಿ."

ಮೇಷ್ಟ್ರ ತುಟಿ ಪಟಪಟನೆ ಆಡಿತು. ಹುಡುಗಿ ತಕ್ಷಣ ಬರೆದಳು: "ನಾನು ಹೋಗಲ್ಲ ಸಾರ್, ಕಾಲಿಗೆ ಬೀಳ್ತೀನಿ."

ಸಾಹೇಬರ ಕಣ್ಣು ಒದ್ದೆಯಾಯಿತು. "ನೀನ್ಯಾಕೆ ಹೋಗ್ತೀಯಮ್ಮ? ನಿಮ್ಮ ಮೇಷ್ಟ್ರು ಮಾತ್ರ ಹೋಗೋದು. ಎಷ್ಟು ಹಚ್ಕೊಂಡಿದಾಳೆ ನೋಡ್ರೀ!"

ಮೇಷ್ಟ್ರು ಸೀಮೆಸುಣ್ಣ ಕಿತ್ತುಕೊಂಡು ಬೋರ್ಡಿಗೆ ಹಾರಿದರು. "ಬೋರ್ಡ್ ಮೇಲಿರೋದೆಲ್ಲ ಅವಳ ಮಾತಲ್ಲ" ಎಂದು ಬರೆಯಲು ಕೈ ಎತ್ತಿದರು. ಎತ್ತಿದ ಕೈಯ ಪಕ್ಕದಲ್ಲೇ ಆ ಮುದುಕನ ಸಾಲು ಇನ್ನೂ ಅಳಿಸದೆ ನಿಂತಿತ್ತು. ಮೇಷ್ಟ್ರು ಸಾಲನ್ನು ನೋಡಿದರು, ಸಾಹೇಬರನ್ನು ನೋಡಿದರು. ಸೀಮೆಸುಣ್ಣವನ್ನು ಮೆಲ್ಲಗೆ ಹುಡುಗಿಯ ಕೈಗೇ ಇಟ್ಟರು.

"ನೋಡಿದ್ರಾ ಹೆಡ್‌ಮಾಸ್ಟ್ರೇ," ಎಂದರು ಸಾಹೇಬರು ಗದ್ಗದರಾಗಿ, "ಇಷ್ಟಾದ್ರೂ ಚಾಕ್‌ಪೀಸು ಮಗು ಕೈಗೇ ಕೊಟ್ರು!"