ಅಲ್ಲಾಡುತ್ತೆ, ಬೇಡ

ಆ ದಿನ ಗೇಟಿನ ಹತ್ತಿರ ನನ್ನ ಹೆಂಡತಿ ನಿಜವಾಗಿ ಏನು ಹೇಳಿದಳು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ಹುಬ್ಬಳ್ಳಿಗೆ ಹೊರಟಿದ್ದ ಅವಳನ್ನು ರಾಮನಗರ ಸ್ಟೇಷನ್ನಿಗೆ ಬಿಡಬೇಕೆಂದು ನಾನು ಹೆಲ್ಮೆಟ್ ಏರಿಸಿಕೊಂಡು, ಬೈಕ್ ಸ್ಟಾರ್ಟ್ ಮಾಡಿಕೊಂಡು ಕೂತಿದ್ದೆ. ವಸಂತಾ ಬಂದಳು, ಹಿಂದಿನ ಸೀಟನ್ನು ಒಮ್ಮೆ ನೋಡಿದಳು, "ಅಲ್ಲಾಡುತ್ತೆ, ಬೇಡ" ಎಂದಳು. ಎಂದಳೆಂದು ನಾನು ತಿಳಿದುಕೊಂಡೆ. ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು, ಅವಳು ಹತ್ತಿ ಹೋದಳು. ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಎಲ್ಲಿಗೂ ಹೋಗದೆ ಬೈಕ್ ಆಫ್ ಮಾಡಿದೆ.

ನಾನು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನು; ಈಗ ಅದನ್ನೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಣ್ಣು ಕಂಡದ್ದನ್ನೂ ಕಿವಿ ಕೇಳಿದ್ದನ್ನೂ ಸುಲಭವಾಗಿ ನಂಬಬೇಡಿ ಎಂದು ಹೇಳಿಕೊಡುವುದಕ್ಕೇ ನನಗೆ ಸಂಬಳ. ತರಗತಿಯಲ್ಲಿ ಇದು ಗಂಭೀರವಾಗಿ ಕೇಳಿಸುತ್ತದೆ. ಮನೆಯಲ್ಲಿ ಇದರ ಫಲವೆಂದರೆ, ಹಾಲು ಕಾಯಿಸಿದೆನೋ ಇಲ್ಲವೋ ಎಂಬ ಅನುಮಾನ ಬಂದು ಅದೇ ಹಾಲನ್ನು ಮತ್ತೆ ಕಾಯಿಸಿ ಪಾತ್ರೆಯ ತಳ ಸೀಯಿಸುವುದು. ವಸಂತಾ ಇದ್ದಾಗ ಇಂಥದ್ದಕ್ಕೆಲ್ಲ ಒಂದು ಕೂಗು ಸಾಕಾಗಿತ್ತು. "ಕಾಯಿಸಿದೀರಿ, ಸುಮ್ನೆ ಬನ್ನಿ" ಎಂದು ಒಳಗಿನಿಂದ ತೀರ್ಪು ಬರುತ್ತಿತ್ತು. ಅವಳ ಬ್ಯಾಂಕು ಅವಳನ್ನು ಹುಬ್ಬಳ್ಳಿಗೆ ವರ್ಗ ಮಾಡಿದ ಮೇಲೆ ಈ ಮನೆಯಲ್ಲಿ ನಡೆಯುವ ಯಾವುದಕ್ಕೂ ಸಾಕ್ಷಿಯಿಲ್ಲ. ಇಬ್ಬರಿದ್ದಾಗ ನಡೆದದ್ದು ನೆನಪಾಗಿ ಉಳಿಯುತ್ತದೆ. ಒಬ್ಬನೇ ಇದ್ದರೆ ಅದು ಬರೀ ನನ್ನ ಹೇಳಿಕೆ.

ಬೈಕನ್ನು ನಾವು ದೂರದ ಪ್ರಯಾಣಕ್ಕೆಂದೇ ಕೊಂಡಿದ್ದೆವು. ಭಾರೀ ಗಾಡಿ, ಹಿಂದೊಂದು ಪೆಟ್ಟಿಗೆ, ವಸಂತಾಳಿಗೆ ಅಗಲವಾದ ಸೀಟು. ಭಾನುವಾರ ಬಂತೆಂದರೆ ಸಾವನದುರ್ಗ, ಇಲ್ಲವೇ ಕನಕಪುರ ದಾಟಿ ಕೋಡಿಹಳ್ಳಿ ಕಡೆ. ನನ್ನ ಬಲಭುಜಕ್ಕೆ ಒಂದು ತಟ್ಟು ತಟ್ಟಿದರೆ ನಿಧಾನ ಎಂದರ್ಥ, ಎರಡು ತಟ್ಟಿದರೆ ಟೀ. ಅವಳು ಆಟೋದಲ್ಲಿ ಹೋದ ಮರುವಾರ ನಾನೊಬ್ಬನೇ ಮಾಗಡಿ ರಸ್ತೆಗೆ ಹೋದೆ. ವೇಗ ಅರುವತ್ತು ದಾಟಿದ್ದೇ ತಡ, ಹ್ಯಾಂಡಲ್ಲು ಬೇಡ ಬೇಡ ಎನ್ನುವವರ ತಲೆಯಂತೆ ಆ ಕಡೆ ಈ ಕಡೆ ಆಡತೊಡಗಿತು. ಅಂದರೆ ವಸಂತಾ ಹೇಳಿದ್ದು ನಿಜ! ಹಾಗಾದರೆ ಅವಳು ಹಿಂದೆ ಕೂರುತ್ತಿದ್ದಾಗಲೂ ಹೀಗೇ ಅಲ್ಲಾಡುತ್ತಿತ್ತೇ? ಪಾಪ, ಅಷ್ಟು ದಿನ ಹೆದರಿಕೊಂಡೇ ಕೂತಿದ್ದಳೇ? ಒಂದು ದಿನವೂ ಅಲ್ಲಾಡಿರಲಿಲ್ಲ ಎನ್ನುತ್ತದೆ ನನ್ನ ನೆನಪು. ಆದರೆ ನಾನು ಗೊರಕೆ ಹೊಡೆಯುವುದಿಲ್ಲ ಎನ್ನುವುದೂ ಇದೇ ನೆನಪು.

ಅವಳನ್ನೇ ಕೇಳಬಹುದಿತ್ತು. ಆದರೆ ಆಗಲೇ ನಮ್ಮ ಫೋನ್ ಮಾತು "ಊಟ ಆಯ್ತಾ?", "ಆಯ್ತು, ನಿಮ್ದು?" ಎಂಬಲ್ಲಿಗೆ ಬಂದು ನಿಂತಿತ್ತು. ತಿಂಗಳಿಗೊಮ್ಮೆ ಬರುತ್ತೇನೆಂದು ಹೋದವಳು ಆಡಿಟ್ ಎಂದು ಒಂದು ತಿಂಗಳು ತಪ್ಪಿಸಿದಳು, ಆಮೇಲೆ ಇನ್ನೊಂದು. ಬೈಕಿನಿಂದ ಇಳಿದವಳು ನಿಧಾನವಾಗಿ ಬೇರೆಲ್ಲದರಿಂದಲೂ ಇಳಿಯುತ್ತಿದ್ದಾಳೆಯೇ ಎಂಬ ಯೋಚನೆ ಬಂತು. ಈ ಪ್ರಶ್ನೆಯನ್ನು ಹೆಂಡತಿಗೆ ಕೇಳುವುದಕ್ಕಿಂತ ಬೈಕ್ ರಿಪೇರಿ ಮಾಡಿಸುವುದು ಸುಲಭ. ಗಾಡಿ ಗಟ್ಟಿಯಾಗಿ ನಿಂತರೆ ಅವಳು ಮತ್ತೆ ಕೂರುತ್ತಾಳೆ ಎಂದು ತೀರ್ಮಾನಿಸಿದೆ. ಮೊಬೈಲಿನಲ್ಲಿ ಹುಡುಕಿದರೆ ಪರಿಹಾರ ಸಿದ್ಧವಾಗಿಯೇ ಇತ್ತು: ಸ್ಟೀರಿಂಗ್ ಸ್ಟೆಬಿಲೈಜರ್. ಒಳಗೆ ಎಣ್ಣೆ ತುಂಬಿದ ಒಂದು ದಂಡ. ಒಂದು ತುದಿ ಹ್ಯಾಂಡಲ್ಲಿಗೆ, ಇನ್ನೊಂದು ತುದಿ ಗಾಡಿಯ ಚಾಸಿಗೆ. ಹ್ಯಾಂಡಲ್ಲು ತಲೆಯಾಡಿಸಲು ಹೊರಟರೆ ಇದು ಹಿಡಿದುಕೊಳ್ಳುತ್ತದೆ. ತರಿಸಿದೆ.

ಪಾರ್ಸಲ್ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಕೆಳಗಿನ ಮನೆಯ ಓನರ್ ಜಯಮ್ಮನವರು ಅದನ್ನು ಇಸಿದುಕೊಂಡು, ಬಿಚ್ಚಿ, ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಮೇಷ್ಟ್ರೇ, ಸ್ಟೆಬ್ಲೈಜರ್ ತರಿಸಿವ್ನಿ ಅಂದ್ರಿ, ಇದ್ಕೆ ವೈರೇ ಇಲ್ವಲ್ಲ?"

"ಇದು ಕರೆಂಟಿಂದಲ್ಲಮ್ಮ. ಬೈಕಿಂದು."

"ಬೈಕಿಗೂ ಓಲ್ಟೇಜ್ ಏರುಪೇರು ಆಯ್ತದಾ?"

"ವೋಲ್ಟೇಜ್ ಅಲ್ಲ. ಗಾಡಿ ಅಲ್ಲಾಡುತ್ತೆ."

"ಅಯ್ಯೋ, ನಾನು ನಮ್ ಫ್ರಿಜ್ಜಿಗೂ ಒಸಿ ಕನೆಕ್ಷನ್ ಈಸ್ಕಳವ ಅಂತಿದ್ದೆ ಕಣ್ರಪ್ಪ." ಆಮೇಲೆ ದಂಡವನ್ನು ನನ್ನ ಕೈಗಿಟ್ಟು ಕೇಳಿದರು: "ವಸಂತಮ್ಮ ಯಾವಾಗ್ ಬತ್ತಾರೆ?"

"ಬರ್ತಾಳೆ" ಎಂದೆ. ಯಾವಾಗ ಎಂಬುದು ಆ ಉತ್ತರದಲ್ಲಿ ಇರಲಿಲ್ಲ. ಜಯಮ್ಮನವರು ಅದನ್ನು ಗಮನಿಸಿದರೆಂದು ಕಾಣುತ್ತದೆ. ಸಂಜೆ ಒಂದು ಬಟ್ಟಲು ಬಸ್ಸಾರು ಮೇಲಕ್ಕೆ ಬಂತು.

ದಂಡವನ್ನು ಚನ್ನಪಟ್ಟಣದ ಮೆಕ್ಯಾನಿಕ್ ಚಿಕ್ಕಣ್ಣನ ಹತ್ತಿರ ಕೂರಿಸಿದೆ. "ಕಂಬಿ ಮ್ಯಾಲ್ ರೈಲು ಹೋದಂಗ್ ಹೋಯ್ತದೆ ಸಾ" ಎಂದ ಅವನು. ಹೋಗಲಿಲ್ಲ. ಮುಂದಿನ ವಾರ "ಹಂಗಾರೆ ಫೋರ್ಕಿಗೆ ಬ್ರೇಸ್ ಹಾಕ್ಬುಡವ" ಎಂದು ಮುಂಚಕ್ರದ ಎರಡು ಕಾಲುಗಳನ್ನೂ ಒಂದು ಪಟ್ಟಿಯಿಂದ ಬಿಗಿದ. ಅದಾದ ಮೇಲೆ ಹ್ಯಾಂಡಲ್ಲಿನ ತುದಿಗಳಿಗೆ ಭಾರದ ಗುಂಡು. ಕೊನೆಗೆ "ಟೈಟ್ ಮಾಡ್ಬುಡ್ತೀನಿ, ಇನ್ನೆಂಗ್ ಆಡ್ತದೆ ನೋಡವ" ಎಂದು ಸ್ಟೆಬಿಲೈಜರಿನ ತಿರುಪನ್ನು ಹಟದಿಂದ ಬಿಗಿ ಮಾಡಿದ. ಈಗ ಅಲ್ಲಾಡುವುದು ನಿಜವಾಗಿಯೂ ನಿಂತಿತು. ಅದರ ಜೊತೆಗೆ ತಿರುಗುವುದೂ ನಿಂತಿತು. ಅಂಗಡಿಯ ಮುಂದೆ ಎಡಕ್ಕೆ ತಿರುಗಿಸಿದರೆ ಗಾಡಿ ಯಾವ ಅಭಿಪ್ರಾಯವನ್ನೂ ಬದಲಿಸದೆ ನೇರವಾಗಿ ಎದುರಿನ ಬೊಂಬೆ ಅಂಗಡಿಗೆ ಹೋಗಿ, ಹೊರಗಿಟ್ಟಿದ್ದ ಮರದ ಕುದುರೆಯ ಮೂತಿಗೆ ಮೂತಿ ತಾಗಿಸಿ ನಿಂತಿತು. ಕುದುರೆ ತೂಗತೊಡಗಿತು.

ಬೊಂಬೆ ಅಂಗಡಿಯವನು ಎದ್ದು ಬರಲೂ ಇಲ್ಲ. "ಸಾ, ಇದು ಅಲ್ಲಾಡ್ಲಿ ಅಂತ್ಲೇ ಮಾಡಿರೋದು. ನಿಮ್ದಕ್ಕೇನ್ ರೋಗ?"

ಹಿಂದಿನಿಂದ ಚಿಕ್ಕಣ್ಣ ಕೂಗಿದ: "ಲೇ, ಮೇಷ್ಟ್ರುನ್ ಆಡ್ಕಬ್ಯಾಡ ಕಣ್ಲಾ!" ಹಾಗೆ ಹೇಳಿ ತಾನೇ ಹೆಚ್ಚು ನಕ್ಕ.

ತಿರುಪನ್ನು ಸಡಿಲಿಸಿದೆವು, ನಡುಕ ವಾಪಸಾಯಿತು. ಇಷ್ಟೆಲ್ಲದರ ನಡುವೆ ಪ್ರತಿ ಭಾನುವಾರ ಪರೀಕ್ಷೆಗೆಂದು ನಾನೊಬ್ಬನೇ ಮಾಗಡಿ ದಾಟಿ ಕುದೂರಿನ ತನಕ ಹೋಗಿ ಬರುತ್ತಿದ್ದೆ. ಒಂದು ಭಾನುವಾರ ಅಲ್ಲಿ ನಾವು ಯಾವಾಗಲೂ ಟೀ ಕುಡಿಯುತ್ತಿದ್ದ ಅಂಗಡಿಯವನು ಅಭ್ಯಾಸಬಲದಿಂದ ಎರಡು ಲೋಟ ಇಟ್ಟು, ನನ್ನ ಹಿಂದೆ ನೋಡಿ, ಒಂದನ್ನು ತೆಗೆದ.

"ಅಮ್ಮಾವ್ರು ಬರ್ನಿಲ್ವಾ ಸಾ?"

"ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಗಿದೆ."

"ಮತ್ತೆ ನೀವೊಬ್ರೇ ಯಾಕ್ ಇಷ್ಟ್ ದೂರ ಬತ್ತೀರಾ? ನಮ್ ಟೀ ಅಂಥಾದ್ದೇನಲ್ಲ ಬುಡಿ."

ಆ ಸಂಜೆ ಊಟದ ವಿಚಾರ ಮುಗಿದ ಮೇಲೆ, ಫೋನ್ ಇಡುವ ಮೊದಲು, ಕೇಳಿಯೇಬಿಟ್ಟೆ.

"ಬೈಕು ಅಲ್ಲಾಡುತ್ತೆ, ಬೇಡ ಅಂದೆಯಲ್ಲ. ನೀನು ಕೂತಾಗಲೂ ಅಲ್ಲಾಡ್ತಿತ್ತಾ?"

"ಯಾವಾಗ ಅಂದೆ?"

"ಹೋಗುವಾಗ. ಗೇಟಿನ ಹತ್ತಿರ."

ಆ ಕಡೆ ನಗು ಶುರುವಾಯಿತು. ಆ ನಗುವನ್ನು ಕೇಳಿ ಎಷ್ಟು ದಿನವಾಗಿತ್ತೆಂದು ನನಗೆ ನೆನಪಾಗಲಿಲ್ಲ. "ರೀ, ನಾನಂದಿದ್ದು 'ಆಟೋ ಬರುತ್ತೆ, ಬೇಡ' ಅಂತ! ಎರಡು ಬ್ಯಾಗ್ ಇತ್ತಲ್ರೀ, ತಲೆ ಮೇಲೆ ಹೊತ್ಕೊಂಡು ಕೂರ್ಲಾ? ಹೆಲ್ಮೆಟ್ ಹಾಕ್ಕೊಂಡು ಕಿವಿ ಮುಚ್ಕೊಂಡಿದ್ರಿ."

"ಆದರೆ ಗಾಡಿ ನಿಜವಾಗಿ ಅಲ್ಲಾಡುತ್ತೆ ವಸಂತಾ."

"ಸಾವನದುರ್ಗಕ್ಕೆ ಹೋಗುವಾಗ ಮಾಗಡೀಲಿ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿಸಿದ್ರಲ್ಲ, ಇಬ್ಬರು ಕೂರ್ತೀವಿ, ಪೆಟ್ಟಿಗೇನೂ ಇದೆ ಅಂತ. ಆಮೇಲೆ ಇಳಿಸಿದ್ರಾ?"

ಮಾಡಿಸಿದ್ದೇ ನನಗೆ ನೆನಪಿರಲಿಲ್ಲ. ಬೆಳಿಗ್ಗೆ ಬಗ್ಗಿ ನೋಡಿದರೆ ಸ್ಪ್ರಿಂಗನ್ನು ಬಿಗಿ ಮಾಡುವ ಬಳೆ ಕೊನೆಯ ಮೆಟ್ಟಿಲಲ್ಲೇ ಕೂತಿತ್ತು. ಇಬ್ಬರ ಭಾರಕ್ಕೆ ಕಾದು ನಿಂತ ಗಾಡಿಗೆ ಒಬ್ಬನೇ ಹತ್ತಿದರೆ ಹಿಂಭಾಗ ಎತ್ತರಕ್ಕೇ ಉಳಿಯುತ್ತದೆ, ಮುಂಭಾಗ ತಗ್ಗುತ್ತದೆ, ಹ್ಯಾಂಡಲ್ಲು ಚಂಚಲವಾಗುತ್ತದೆ. ಬಳೆಯನ್ನು ಒಬ್ಬನ ಮೆಟ್ಟಿಲಿಗೆ ಇಳಿಸಿ, ದಂಡ, ಪಟ್ಟಿ, ಗುಂಡು ಎಲ್ಲ ಬಿಚ್ಚಿಟ್ಟು ಕುದೂರಿಗೆ ಹೋಗಿ ಬಂದೆ. ಗಾಡಿ ನೇರವಾಗಿ, ಸದ್ದಿಲ್ಲದೆ ಹೋಯಿತು. ಇದಕ್ಕೆ ಸಂತೋಷಪಡಬೇಕಿತ್ತು. ಆದರೆ ಅಷ್ಟು ನೆಟ್ಟಗೆ, ಅಷ್ಟು ಒಂಟಿಯಾಗಿ ಹೋಗುವ ಗಾಡಿಯ ಮೇಲೆ ಕೂತು ನನಗೆ ಯಾಕೋ ಮನೆ ಬಿಟ್ಟು ಬಂದಂತಾಯಿತು. ಕುದೂರಿನಲ್ಲಿ ಟೀಗೂ ನಿಲ್ಲಲಿಲ್ಲ.

ಎರಡನೇ ಶನಿವಾರ ಬರುತ್ತೇನೆ ಎಂದಿದ್ದಾಳೆ. ಬ್ಯಾಗು ಒಂದೇ ತಾ, ಸ್ಟೇಷನ್ನಿಗೆ ಬೈಕ್ ತರುತ್ತೇನೆ ಎಂದೆ. ಅದಕ್ಕವಳು "ಹೂಂ" ಎಂದಳೋ, "ನೋಡೋಣ" ಎಂದಳೋ. ಹುಬ್ಬಳ್ಳಿಯ ಲೈನು ಸರಿಯಿರಲಿಲ್ಲ, ಅಥವಾ ನನ್ನ ಕಿವಿ. ಮತ್ತೆ ಫೋನ್ ಮಾಡಿ ಕೇಳುವ ಧೈರ್ಯವಾಗಲಿಲ್ಲ. ಹೀಗಾಗಿ ಅವಳು ಏನೆಂದಳು ಎಂಬುದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಶನಿವಾರ ಇನ್ನೂ ದೂರವಿರುವಾಗಲೇ ಸ್ಪ್ರಿಂಗಿನ ಬಳೆಯನ್ನು ಇಬ್ಬರ ಮೆಟ್ಟಿಲಿಗೆ ಏರಿಸಿಬಿಟ್ಟಿದ್ದೇನೆ. ಇವತ್ತು ಮಾಗಡಿ ರಸ್ತೆಗೆ ಹೋಗಿ ಪರೀಕ್ಷೆಯನ್ನೂ ಮಾಡಿ ಬಂದೆ. ಅಲ್ಲಾಡುತ್ತೆ.