ಎಡಗಡೆಯದು ನನ್ನ ಹೆಂಡತಿಯದು

ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಡಾಕ್ಟರ ಕಚೇರಿಗೆ ಫೋನು ಹಚ್ಚಿ ಭೇಟಿಯ ಸಮಯ ಗಿಟ್ಟಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ನಮ್ಮೂರಿನಲ್ಲಿ ಇಲ್ಲ. ಏಳು ಗಂಟೆ ಐವತ್ತೊಂಬತ್ತು ನಿಮಿಷ ಐವತ್ತೈದು ಸೆಕೆಂಡಿಗೆ ಕೊನೆಯ ಅಂಕಿ ಒತ್ತಬೇಕು. ಮೊದಲೇ ಒತ್ತಿದರೆ ‘ಕಚೇರಿ ಮುಚ್ಚಿದೆ’, ತಡವಾದರೆ ‘ಸರದಿಯಲ್ಲಿ ನೀವು ಮೂವತ್ತನೆಯವರು’. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ನನ್ನ ಹೆಂಡತಿ ಡೋರೀನ್ ಒಪ್ಪಿಕೊಂಡ ನನ್ನ ಪ್ರತಿಭೆ ಇದೊಂದೇ. (ಅದನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಆ ಹೊತ್ತಿಗೆ ರೇಡಿಯೋದ ಸದ್ದು ಕಡಿಮೆ ಮಾಡುತ್ತಾಳೆ, ಅಷ್ಟೇ.)

ಜುಲೈ ತಿಂಗಳ ಒಂದು ಸೋಮವಾರ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಾ, ಹವಾಮಾನ ವರದಿ ಓದುವ ದನಿಯಲ್ಲಿ ಅವಳು ಅಂದಳು: “ಎಡಗಡೆ ಎದೇಲಿ ಒಂದು ಗಂಟು ಸಿಕ್ತು ಕ್ಲಿಫ್. ಬಟಾಣಿಯಷ್ಟಿದೆ. ರಾತ್ರಿಗೆ ಮೀನು ಸಾಕಾ, ಪೈ ಮಾಡ್ಲಾ?”

ನನ್ನ ಚಹಾ ಅರ್ಧ ತಟ್ಟೆಗೆ, ಅರ್ಧ ಪ್ಯಾಂಟಿಗೆ ಚೆಲ್ಲಿತು. “ಮೀನು ಹಾಳಾಗ್ಲಿ! ಡಾಕ್ಟರಿಗೆ ತೋರಿಸ್ಬೇಕು ಕಣೇ!”

“ತೋರಿಸೋಣ ಬಿಡು. ಮೊದ್ಲು ಹೂವಿನ ಪ್ರದರ್ಶನ ಮುಗೀಲಿ. ಅವ್ರಿಗೂ ಪಾಪ ನೂರೆಂಟು ಕೆಲಸ, ನಾವ್ಯಾಕೆ ತೊಂದ್ರೆ ಕೊಡೋದು?”

ಇದು ನಮ್ಮ ಜನರ ಹಳೆಯ ಕಾಯಿಲೆ. ಒಂದು ಕಾಲು ಮುರಿದರೆ ‘ಪರವಾಗಿಲ್ಲ, ಇನ್ನೊಂದಿದೆಯಲ್ಲ’ ಎನ್ನುತ್ತೇವೆ. ಯಾರಿಗೂ ತೊಂದರೆ ಕೊಡದೆ ಸಾಯುವುದೇ ನಮಗೆ ಸಭ್ಯತೆ. ಆದರೆ ಅವತ್ತು ನನಗೆ ಆ ಸಭ್ಯತೆಯ ಮೇಲೆ ಕೆಂಡದಂಥ ಕೋಪ ಬಂತು. ನಿಜ ಹೇಳಬೇಕೆಂದರೆ ಅದು ಕೋಪವಲ್ಲ, ಭಯ.

ಮರುದಿನ ಎಂಟಕ್ಕೆ ಫೋನಾಸ್ತ್ರ ಪ್ರಯೋಗಿಸಿದೆ. ಸರದಿಯಲ್ಲಿ ಎರಡನೆಯವನು! ಆದರೆ ಆ ಕಡೆಯ ಹೆಂಗಸು, “ಹೆಂಡ್ತಿ ಪರವಾಗಿ ನೀವು ಮಾತಾಡೋ ಹಾಗಿಲ್ಲ ಮಿಸ್ಟರ್ ಟಕೆಟ್. ಅಷ್ಟಕ್ಕೂ ಇದಕ್ಕೆ ಈಗ ನಮ್ಮ ಹತ್ರ ಬರೋದೇ ಬೇಡ. ಆಸ್ಪತ್ರೆಯದೇ ಜಾಲತಾಣ ಇದೆ. ನಿಮ್ಮ ಹೆಂಡ್ತಿ ಇದ್ದಾರಲ್ಲ, ಅವರೇ ಅದರಲ್ಲಿ ಉತ್ತರ ಬರೆದ್ರೆ ನೇರವಾಗಿ ಸ್ತನರೋಗ ತಜ್ಞರೇ ಕರೀತಾರೆ” ಎಂದಳು.

ಡಾಕ್ಟರ ಹತ್ತಿರ ಹೋಗುವುದೇ ಬೇಡವಂತೆ! ನನ್ನ ಇಪ್ಪತ್ತು ವರ್ಷದ ಸಾಧನೆ ಮಣ್ಣುಪಾಲಾಯಿತು. ‘ಅವರೇ’ ಎಂದದ್ದು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ ಎಂದು ಇಟ್ಟುಕೊಳ್ಳಿ.

ಡೋರೀನ್ ತೋಟಕ್ಕೆ ಹೋದ ಮೇಲೆ ನಾನು ಟ್ಯಾಬ್ ಎತ್ತಿಕೊಂಡೆ. ಅದು ನನ್ನ ಮುಖ ನೋಡಿದ್ದೇ ತಡ, ಗುರುತು ಹಿಡಿದು ತಾನೇ ಬಾಗಿಲು ತೆರೆಯಿತು. ಅಬ್ಬಾ, ಆ ಯಂತ್ರದ ನಯ! ಎಂಥ ಆಸ್ಪತ್ರೆಯಲ್ಲೂ ನಾನು ಅಷ್ಟು ಮೆತ್ತಗಿನ ದನಿ ಕೇಳಿಲ್ಲ. ಒಂದು ಚಿತ್ರ ತೋರಿಸಿ, ಎಲ್ಲಿದೆಯೋ ಅಲ್ಲಿ ಬೆರಳಿಡಿ ಎಂದಿತು. ಎಡಗಡೆ ಇಟ್ಟೆ. ಎಷ್ಟು ದೊಡ್ಡದು? ಬಟಾಣಿಯಷ್ಟು. ಆತುರವಿಲ್ಲ, ನಿಧಾನವಾಗಿ ಉತ್ತರಿಸಿ ಎಂದಿತು. ಮುಟ್ಟು, ಬಸಿರು, ಬಾಣಂತನ ಒಂದನ್ನೂ ಕೇಳಲಿಲ್ಲ. ಹೆಂಗಸರ ಮರ್ಯಾದೆ ಕಾಯುವ ಯಂತ್ರ! ನನ್ನ ಕಣ್ಣಲ್ಲಿ ನೀರಾಡಿತು.

ಕೊನೆಯಲ್ಲಿ ಒಂದು ಖಾಲಿ ಚೌಕ ಬಂತು. ‘ನಿಮ್ಮ ಆತಂಕವನ್ನು ನಿಮ್ಮ ಮಾತಿನಲ್ಲೇ ಹೇಳಿ.’ ಅಲ್ಲಿಯವರೆಗೆ ಡೋರೀನ್ ಆಗಿದ್ದ ನಾನು ಅಲ್ಲಿ ಮೈಮರೆತೆ. ನನ್ನ ಅಮ್ಮನಿಗೂ ಹೇಳದ ಮಾತನ್ನು ಆ ಚೌಕಕ್ಕೆ ಹೇಳಿದೆ. ಕಳುಹಿಸಿದ ಸ್ವಲ್ಪ ಹೊತ್ತಿಗೇ ಉತ್ತರ ಬಂತು: ಗುರುವಾರ, ಹತ್ತು ಇಪ್ಪತ್ತಕ್ಕೆ. ನಾನು ಬೆರಗಾಗಿ ಕೂತುಬಿಟ್ಟೆ.

ಸಂಜೆ ತಪ್ಪೊಪ್ಪಿಕೊಂಡೆ. ಡೋರೀನ್ ಟ್ಯಾಬ್ ಕಸಿದು ಕನ್ನಡಕ ಏರಿಸಿ ಓದಿದಳು. ಆಮೇಲೆ ಕುರ್ಚಿ ಹಿಡಿದುಕೊಂಡು ಕೂತಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

“‘ಪ್ರಿಯ ಮಿಸ್ಟರ್ ಕ್ಲಿಫರ್ಡ್ ಟಕೆಟ್, ನಿಮ್ಮ ಎದೆಯ ಪರೀಕ್ಷೆಗೆ...’ ಅಯ್ಯೋ ದೇವ್ರೇ! ಮಾರಾಯಾ, ನಿನ್ನ ಹೆಸರಲ್ಲೇ ತುಂಬಿಸಿದ್ದೀಯಲ್ಲೋ!”

“ಹಾಗಾದ್ರೆ ನಿಂದು?”

“ನಂದು ಸೋಮವಾರವೇ ಆಯ್ತು. ತೋಟದ ಶೆಡ್ಡಿನಲ್ಲಿ ಕೂತು ಫೋನಲ್ಲೇ ತುಂಬಿಸ್ದೆ. ಅದೇ ಗುರುವಾರ, ಹತ್ತಕ್ಕೆ. ನೀನು ಬಿಳಿಚಿಕೊಂಡಿದ್ದು ನೋಡಿ, ಪ್ರದರ್ಶನ ಮುಗೀಲಿ ಅಂತ ಒಂದು ಸುಳ್ಳು ಹೇಳ್ದೆ.” ಹೀಗೆಂದು ತಮಾಷೆಗೆ ನನ್ನ ಎದೆಗೆ ಬೆರಳಿನಿಂದ ತಿವಿದಳು. “ಬಟಾಣಿ ಎಲ್ಲಿದೆ, ತೋರ್ಸು!”

“ಅಯ್ಯಪ್ಪಾ!” ಎಂದೆ.

ಅವಳ ನಗು ನಿಂತಿತು. “ಏನದು ಅಯ್ಯಪ್ಪಾ?”

“ಏನಿಲ್ಲ. ಬಲಗಡೆ ಸ್ವಲ್ಪ ಊದಿದೆ. ಈಸ್ಟರ್ ಹಬ್ಬದಿಂದ, ಮೂರು ತಿಂಗಳಾಯ್ತು. ಅವ್ರಿಗೆ ಯಾಕೆ ತೊಂದ್ರೆ ಅಂತ...”

“ನೀನೂ ಬರ್ತೀಯ, ಅಷ್ಟೇ” ಎಂದು ಅವಳು ಟ್ಯಾಬನ್ನು ನನ್ನ ಮಡಿಲಿಗೆ ಹಾಕಿದಳು.

ಗುರುವಾರ ಇಬ್ಬರೂ ಹೋದೆವು. ಹನ್ನೊಂದು ಹೆಂಗಸರ ನಡುವೆ ಹೂವಿನ ಚಿತ್ತಾರದ ನಿಲುವಂಗಿ ತೊಟ್ಟು ಏಕಮಾತ್ರ ಗಂಡಸಾಗಿ ವಿರಾಜಮಾನನಾದೆ. ಒಬ್ಬಾಕೆ ನನ್ನ ಬೆನ್ನಿನ ಲಾಡಿ ಕಟ್ಟಿದಳು, ಇನ್ನೊಬ್ಬಳು ಬಿಸ್ಕತ್ತು ಕೊಟ್ಟಳು. ಒಳಗೆ ಹೋಗಿದ್ದ ಡೋರೀನ್ ಮುಕ್ಕಾಲು ಗಂಟೆಯಲ್ಲಿ ಹೊರಗೆ ಬಂದಳು.

“ಬರೀ ನೀರುಗುಳ್ಳೆಯಂತೆ. ಸೂಜಿ ಹಾಕಿ ನೀರು ತೆಗೆದ್ರು, ಗಂಟೇ ಮಾಯ.”

ನಾನು ಬಿಸ್ಕತ್ತು ಕೈಯಲ್ಲಿ ಹಿಡಿದು ಗೊಳೋ ಎಂದು ಅತ್ತೆ. ಹೆಂಗಸರೆಲ್ಲ, ಪಾಪ, ಇವನಿಗೇ ಏನೋ ಆಗಿದೆ ಎಂದು ಎದ್ದು ಬಂದರು.

ಆಮೇಲೆ ನನ್ನ ಸರದಿ. ಡೋರೀನ್ ಕೈಚೀಲ ಹಿಡಿದು ಜೊತೆಗೇ ಬಂದಳು. ಡಾಕ್ಟರ್ ಮೆರೆಡಿತ್ ಎನ್ನುವ ಹೆಂಗಸು ನನ್ನ ಎದೆ ಪರೀಕ್ಷಿಸಿ, ಪರದೆ ನೋಡುತ್ತಾ, “ಎಡಗಡೆ ಅಂತ ಬರೆದಿದ್ದೀರಿ. ಊದಿರೋದು ಬಲಗಡೆ ಅಲ್ವಾ?” ಎಂದರು.

“ಎಡಗಡೆಯದು ನನ್ನ ಹೆಂಡತಿಯದು” ಎಂದೆ.

ಡಾಕ್ಟರು ಒಂದು ಕ್ಷಣ ಪೆನ್ನು ಕೆಳಗಿಟ್ಟರು. ಮತ್ತೆ ಪರದೆಗೆ ತಿರುಗಿ, “ಹಾಗಾದ್ರೆ ಇದೂ ನಿಮ್ಮದೇ ಇರ್ಬೇಕು” ಎಂದು ಆ ಚೌಕದಲ್ಲಿ ಬರೆದದ್ದನ್ನು ಓದಿದರು: “‘ನನಗೆ ತುಂಬಾ ಹೆದರಿಕೆಯಾಗಿದೆ. ಅವಳಿಲ್ಲದೆ ಈ ಮನೆಯಲ್ಲಿ ಹೇಗಿರಬೇಕೋ ತಿಳಿಯದು. ಚಹಾಪುಡಿ ಎಲ್ಲಿಡುತ್ತಾಳೆ ಅನ್ನುವುದೂ ನನಗೆ ಗೊತ್ತಿಲ್ಲ.’”

ನೆಲ ಬಾಯಿಬಿಡಬಾರದೇ ಅನ್ನಿಸಿತು. ಡೋರೀನ್ ಕೈಚೀಲದ ಗುಂಡಿಯನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದಳು. ನನ್ನ ಊತ ರಕ್ತದೊತ್ತಡದ ಮಾತ್ರೆಯಿಂದ ಬಂದದ್ದು, ಮಾತ್ರೆ ಬದಲಿಸಿದರೆ ಇಳಿಯುತ್ತದೆ ಎಂದು ಸ್ಕ್ಯಾನ್ ಮಾಡಿ ಹೇಳಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಾ, “ಬಲಗಡೆ ಕಪಾಟು, ನೀಲಿ ಡಬ್ಬಿ” ಎಂದಳು. ನನ್ನ ಕೈ ಮಾತ್ರ ಬಿಡಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ತಾನೇ ಮುಂದಾಗಿ ಬಂದ ಗಂಡಸು ಅಪರೂಪವೆಂದು ಆಸ್ಪತ್ರೆಯ ನರ್ಸ್ ಪೋಸ್ಟರಿಗೆಂದು ನನ್ನ ಫೋಟೋ ಕೇಳಿದ್ದಳು. ಬೇಡ ಎಂದರೆ ಅವಳಿಗೆ ಬೇಸರವಾದೀತೆಂದು ಹಲ್ಲು ಬಿಟ್ಟು ನಿಂತಿದ್ದೆ. ಈಗ ಡಾಕ್ಟರ ಕಚೇರಿಯ ಗೋಡೆಯಲ್ಲಿ, ಫೋನೆತ್ತುವ ಆ ಹೆಂಗಸಿನ ಎದುರಿಗೇ, ಹೂವಿನ ನಿಲುವಂಗಿಯಲ್ಲಿ ನಾನಿದ್ದೇನೆ. ಕೆಳಗೆ ದಪ್ಪ ಅಕ್ಷರ: ‘ಕ್ಲಿಫ್ ಕಾಯಲಿಲ್ಲ. ನೀವೂ ಕಾಯಬೇಡಿ.’ ಅದರ ಕೆಳಗೆ ಪೆನ್ಸಿಲಿನಲ್ಲಿ, ನನಗೆ ಚೆನ್ನಾಗಿ ಪರಿಚಯವಿರುವ ಕೈಬರಹ: ‘ಸುಳ್ಳು. ಈಸ್ಟರ್‌ನಿಂದ ಕಾದ. ಇಂತಿ, ಹೆಂಡತಿ.’

ಮೊನ್ನೆ ರಬ್ಬರು ಜೇಬಿಗೆ ಹಾಕಿಕೊಂಡು ಅಳಿಸಲು ಹೋದೆ. ನಮ್ಮೂರ ಕಟುಕ ಬರ್ನಾರ್ಡ್, ಆರಡಿ ಆಳು, ಪೋಸ್ಟರಿನ ಮುಂದೆ ನಿಂತಿದ್ದ. ಒಂದು ಕೈ ಅಂಗಿಯೊಳಗಿತ್ತು.

“ಮೇಲಿನ ಸಾಲು ಓದಿ ನಾಚಿಕೆ ಆಗಿ ವಾಪಸ್ ಹೊರಟಿದ್ದೆ ಕ್ಲಿಫ್,” ಎಂದು ಪಿಸುಗುಟ್ಟಿದ. “ಕೆಳಗಿಂದು ಓದ್ದೆ ನೋಡು, ಧೈರ್ಯ ಬಂತು. ನನ್ನ ಹಾಗೇ ಪುಕ್ಕಲ ಇನ್ನೊಬ್ಬ ಇದ್ದಾನಲ್ಲ ಅಂತ. ಆ ಜಾಲತಾಣಕ್ಕೆ ಹೋಗೋದು ಹೇಗಪ್ಪಾ?”

ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿಕೊಟ್ಟೆ. ರಬ್ಬರನ್ನು ಜೇಬಿನಿಂದ ತೆಗೆಯಲಿಲ್ಲ.