ಉಜ್ಜಿನಪ್ಪನ ದಿಢೀರ್ ಕಲ್ಲಿದ್ದಲು

"ಅತ್ತಿಗೀ, ಮುಟ್ಟಬ್ಯಾಡ್ರಿ! ಅದರೊಳಗೆ ಮೂವತ್ತು ಕೋಟಿ ವರ್ಷ ಕುಂತೈತಿ!"

ನನ್ನ ಮೈದುನ ಉಜ್ಜಿನಪ್ಪ ಹೀಗೆ ಕಿರುಚಿಕೊಂಡಾಗ ನಾನು ಮಾಡಿದ್ದಿಷ್ಟೇ, ಅವನ ಹೊಸ ಯಂತ್ರದ ಮೇಲೆ ಒದ್ದೆ ಮೊರವನ್ನು ಒಣಗಲು ಇಟ್ಟಿದ್ದೆ. ಭಟ್ಟಿಯ ಅರ್ಧ ಜಾಗವನ್ನು ನುಂಗಿ ಕೂತ ವಸ್ತು ಮೊರ ಒಣಗಿಸಲಿಕ್ಕಾದರೂ ಬರಬೇಡವೇ?

ಯಂತ್ರ ಎಂದರೆ ಹಳೆಯ ಅಕ್ಕಿ ಗಿರಣಿಯ ಬಾಯ್ಲರು. ಅದರ ನೆತ್ತಿಯ ಮೇಲೆ ಟ್ರ್ಯಾಕ್ಟರಿನ ಜಾಕು, ಮುಂದೆ ಆನೆಯ ಸೊಂಡಿಲಿನಂಥ ಕೊಳವೆ, ಕೆಳಗೊಂದು ಹಿತ್ತಾಳೆ ನಲ್ಲಿ. ಇಡೀ ಭಾರ, ಮಣ್ಣು ಮುಚ್ಚಿದ ಹಳೆಯ ಹಾಳುಬಾವಿಯ ಮೇಲೆ ಹಾಸಿದ ನಾಲ್ಕು ಮರದ ಹಲಗೆಗಳ ಮೇಲೆ ನಿಂತಿತ್ತು. ಅದಕ್ಕೆ 'ಭೂಗರ್ಭ' ಎಂದು ಹೆಸರಿಟ್ಟು ಕುಂಕುಮ ಹಚ್ಚಿ ಚೆಂಡುಹೂವಿನ ಹಾರವನ್ನೂ ಹಾಕಿದ್ದ. ತನ್ನ ಅಣ್ಣನ ಮದುವೆಯಲ್ಲಿ ನನಗೂ ಅಷ್ಟು ದಪ್ಪ ಹಾರ ತಂದಿರಲಿಲ್ಲ!

ಅವತ್ತು ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ನಮ್ಮದು ಮಂಡಕ್ಕಿ ಭಟ್ಟಿ. ಒಲೆಗೆ ಭತ್ತದ ಹೊಟ್ಟು ಹಾಕುತ್ತೇವೆ. ಹೊಟ್ಟಿನ ಹೊಗೆ ಓಣಿಯವರ ಒಗೆದ ಬಟ್ಟೆಗಳ ಮೇಲೆಲ್ಲ ಕೂರುತ್ತದೆ. ದೂರು ಹೋಗಿತ್ತು. ಮಧ್ಯಾಹ್ನ ತಪಾಸಣೆಯ ಸಾಹೇಬರು ಬರುವವರಿದ್ದರು. ಚಿಮಣಿಯಲ್ಲಿ ಕಪ್ಪು ಹೊಗೆ ಕಂಡರೆ ಭಟ್ಟಿಗೆ ಬೀಗ. ನಮಗೆ ಬೇರೆ ಕಸುಬು ಗೊತ್ತಿಲ್ಲ. ಗಂಡ ತಿಪ್ಪೇಸ್ವಾಮಿಗೆ ಬಾಣಲೆಯ ಮರಳು ಕೆದಕುವುದು ಬಿಟ್ಟರೆ ಮಾತಾಡುವುದೂ ಸರಿಯಾಗಿ ಬರುವುದಿಲ್ಲ.

"ಕಲ್ಲಿದ್ದಲು ಅಂದ್ರೆ ಏನಂತ ತಿಳ್ಕಂಡೀರಿ ಅತ್ತಿಗಿ?" ಉಜ್ಜಿನಪ್ಪ ಶುರು ಮಾಡಿದ. "ಮನುಷ್ಯರು ಹುಟ್ಟೋದಕ್ಕೆ ಎಷ್ಟೋ ಮುಂಚೆ ಜೌಗು ನೆಲದಾಗೆ ಗಿಡಮರ ಬಿಸಿಲು ಕುಡಿದು ಬೆಳೆದ್ವು. ಸತ್ತು ನೀರಾಗೆ ಬಿದ್ವು. ಮ್ಯಾಲೆ ಕೆಸರು ಮುಚ್ಕಂತು. ಗಾಳಿ ಸಿಗದೇ ಪೂರ್ತಿ ಕೊಳೆಯಾಕೂ ಆಗ್ಲಿಲ್ಲ. ಮ್ಯಾಲಿಂದ ಭಾರ, ಕೆಳಗಿಂದ ಕಾವು, ಮಾತಾಡಂಗಿಲ್ಲ, ಮಿಸುಕಾಡಂಗಿಲ್ಲ..."

"ನಿಮ್ಮನಿಗೆ ಸೊಸಿಯಾಗಿ ಬಂದ ಮ್ಯಾಲೆ ನನಗಾದಂಗೆ ಅನ್ನು."

"ಹೂಂ, ಹಂಗೇ! ಹಂಗೆ ಕೋಟ್ಯಂತರ ವರ್ಷ ಅದುಮಿದ್ರೆ ಕಲ್ಲಿದ್ದಲು. ಅದನ್ನ ಉರಿಸಿದ್ರೆ ಹೊರಗೆ ಬರೋದು ಅವತ್ತಿನ ಬಿಸಿಲು! ನನ್ನ ಯಂತ್ರ ಅಷ್ಟೂ ವರ್ಷನ ಅರ್ಧ ತಾಸಿನಾಗೆ ಅದುಮತೈತಿ."

"ಬಿಸಿಲು ಹಾಳಾಗಿ ಹೋಗ್ಲಿ, ಹೊಗೆ ಬರತೈತೋ ಇಲ್ಲೋ ಹೇಳು."

"ಎಳೇದಾದ್ರೆ ಬಾಳ ಹೊಗೆ. ಬಲಿತದ್ದಾದ್ರೆ ಅಷ್ಟಿಲ್ಲ. ತಡ್ಕಬೇಕು ಅಷ್ಟೇ."

ಸೊಂಡಿಲಿಗೆ ಹೊಟ್ಟು ಸುರಿದು, ಎರಡು ಕೊಡ ನೀರು ಹೊಯ್ದು, ಜಾಕು ತಿರುಗಿಸಿದ. ಯಂತ್ರ ಗುಡುಗಿತು. ನಾನು ಬಾಗಿಲಿಗೆ ಹೋದೆ, ಬೀದಿ ನೋಡಿದೆ, ವಾಪಸ್ ಬಂದೆ, ಮತ್ತೆ ಹೋದೆ. ಯಂತ್ರ ಗುಡುಗುತ್ತಲೇ ಇತ್ತು. ತಡೆದುಕೊಳ್ಳುವುದು ನನ್ನ ಜಾಯಮಾನದಲ್ಲಿಲ್ಲ. ಮುಚ್ಚಳ ತೆಗೆದುಬಿಟ್ಟೆ!

ಒಳಗೆ ಕಂದು ಬಣ್ಣದ, ಪುಡಿಪುಡಿಯಾದ ಗಡ್ಡೆ ಇತ್ತು. ಒಲೆಗೆ ಎಸೆದೆ. ಅಯ್ಯೋ ದೇವರೇ! ಚಿಮಣಿಯಿಂದ ಹೊರಟ ಹೊಗೆಗೆ ಎದುರು ಮಹಡಿಯವರು ಕತ್ತಲಾಯಿತೆಂದು ದೀಪ ಹಾಕಿದರು.

"ಅದು ಇನ್ನಾ ಎಳೇದು! ಇನ್ನಾ ಹತ್ತು ನಿಮಿಷ ಬಿಟ್ಟಿದ್ರೆ ಏನು ಗಂಟು ಹೋಗ್ತಿತ್ತು ನಿಮ್ದು?"

"ಬಾಯಿ ಮುಚ್ಚಲೇ! ಸಾಹೇಬ ಬಂದು ಬೀಗ ಜಡಿದ ಮ್ಯಾಲೆ ನಿನ್ನ ಇದ್ದಲು ಬಲಿತರೆ ಅದನ್ನ ಹಲ್ಲಿಗೆ ಉಜ್ಜಿಕಳ್ಲಾ?"

ನನ್ನ ಗಂಡ ಕೆದಕುವ ಕೋಲನ್ನು ಎತ್ತಿ ಇಬ್ಬರಿಗೂ ತೋರಿಸಿದ. ನಮ್ಮ ಮನೆಯಲ್ಲಿ ಸುಮ್ಮನಿರಿ ಎನ್ನುವುದಕ್ಕೆ ಅದೇ ಗುರುತು. ಉಜ್ಜಿನಪ್ಪ ಎರಡನೆಯ ಸಲ ಹೊಟ್ಟು ತುಂಬಿ, ಮುಚ್ಚಳದ ಮೇಲೆ ತಾನೇ ಹತ್ತಿ ಕುಳಿತ.

ಈ ಸಲ ಬಂದದ್ದು ನಿಜವಾದ ಕಲ್ಲಿದ್ದಲು! ಕಪ್ಪಗೆ, ಗಟ್ಟಿಯಾಗಿ, ಕನ್ನಡಿಯ ಚೂರಿನಂತೆ ಮಿಂಚುತ್ತಿತ್ತು. ಒಲೆ ಕೆಂಪಗೆ ಕಾದಿತು. ಬಾಣಲೆಯ ಮರಳಿನಲ್ಲಿ ಅಕ್ಕಿ ಪಟಪಟ ಅರಳಿತು. ಹೊರಗೆ ಓಡಿ ಚಿಮಣಿ ನೋಡಿದೆ. ಹೊಗೆ ಬರುತ್ತಿದೆಯೋ ಇಲ್ಲವೋ ಎನ್ನುವಷ್ಟು!

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಆ ಸಂತೋಷದಲ್ಲಿಯೇ ಕೆಲಸ ಕೆಟ್ಟಿತು. ನಮ್ಮ ಓಣಿಯಲ್ಲಿ ಯಾರು ಹೊಸ ಒಲೆ ಹೂಡಿದರೂ ಮನೆಯ ಹೆಂಗಸು ಅದರ ಬಾಯಿಗೆ ಒಂದು ಹಿಡಿ ಉಪ್ಪು ಹಾಕುತ್ತಾಳೆ. ಚಟಪಟ ಎಂದರೆ ಒಲೆ ಒಲಿಯಿತು ಎಂದರ್ಥ. ಯಂತ್ರವೂ ಒಂದು ಬಗೆಯ ಒಲೆಯೇ ತಾನೇ? ಉಜ್ಜಿನಪ್ಪ ಮೂರನೆಯ ಸಲ ಹೊಟ್ಟು ತುಂಬಿ ಜಾಕು ತಿರುಗಿಸಿದ್ದೇ, ಸೊಂಡಿಲಿಗೆ ಹಿಡಿ ತುಂಬ ಕಲ್ಲುಪ್ಪು ಹಾಕಿ ಕೈಮುಗಿದೆ.

ಯಂತ್ರ ಚಟಪಟ ಎನ್ನಲಿಲ್ಲ. ಗುಳುಗುಳು ಎಂದಿತು. ನಲ್ಲಿಯಿಂದ ಕಪ್ಪು ಎಣ್ಣೆ ಸುರಿಯತೊಡಗಿತು.

"ಏನ್ ಹಾಕಿದ್ರಿ ಅತ್ತಿಗಿ? ಏನ್ ಹಾಕಿದ್ರಿ?"

"ಒಂದು ಹಿಡಿ ಉಪ್ಪು. ಪದ್ಧತಿ."

ಉಜ್ಜಿನಪ್ಪ ತಲೆಯ ಮೇಲೆ ಕೈಹೊತ್ತು ಕುಸಿದ. "ಯಂತ್ರ ನೀರಿನ ರುಚಿ ನೋಡಿ ಕೆಲಸ ಮಾಡತೈತಿ. ಸಿಹಿನೀರಾದ್ರೆ ಜೌಗು ಅಂತ ತಿಳಿದು ಕಲ್ಲಿದ್ದಲು ಮಾಡತೈತಿ. ಉಪ್ಪುನೀರಾದ್ರೆ ಸಮುದ್ರ! ಸಮುದ್ರದಾಗೆ ಕಣ್ಣಿಗೆ ಕಾಣದ ಜೀವಗಳು ಸತ್ತು ತಳಕ್ಕೆ ಕುಂತು, ಅದುಮಿಸ್ಕಂಡು ಎಣ್ಣೆ ಆಗ್ತಾವೆ. ನಮ್ಮ ಹೊಟ್ಟನ್ನೂ ಈಗದು ಸಮುದ್ರದ ಹುಳ ಅನ್ಕಂಡೈತಿ!"

"ನಿಲ್ಲಿಸು ಮತ್ತೆ!"

"ಜಾಕು ಕಚ್ಕಂಡೈತಿ. ಒಳಗೆ ಇರೋದು ಮುಗಿದ್ರೆ ತಾನೇ ನಿಲ್ಲತೈತಿ."

ಒಳಗಿದ್ದದ್ದು ಮುಗಿಯಿತು. ಯಂತ್ರ ನಿಲ್ಲಲಿಲ್ಲ. ಸೊಂಡಿಲು ಅತ್ತಿತ್ತ ಮೂಸಿ ನೋಡಿ ಮೂಲೆಯ ಕಸಬರಿಗೆಯನ್ನು ಸರ್ರನೆ ಎಳೆದುಕೊಂಡಿತು. ಆಮೇಲೆ ನನ್ನ ಮೊರ. ಆಮೇಲೆ ಗೋಣಿಚೀಲಗಳು!

"ಚೂರು ಎಣ್ಣೆ ಆಗಾಕೆ ರಾಶಿ ಜೀವ ಬೇಕು ಅತ್ತಿಗಿ. ಅದಕ್ಕೇ ಯಂತ್ರಕ್ಕೆ ಹಸಿವು! ಆದ್ರೆ ಹೆದರಬ್ಯಾಡ್ರಿ, ಸತ್ತದ್ದನ್ನ ಮಾತ್ರ ತಿನ್ನತೈತಿ."

"ಸಿಹಿನೀರು ಹಾಕಿ ಉಪ್ಪು ತೊಳಿ!"

ಅವನು ಕೊಡದ ಮೇಲೆ ಕೊಡ ನೀರು ಹೊಯ್ದ. ಉಪ್ಪು ಕಡಿಮೆಯಾಗುತ್ತಿತ್ತೋ ಏನೋ. ಅಷ್ಟರಲ್ಲಿ ಸೊಂಡಿಲು ಮಂಡಕ್ಕಿ ರಾಶಿಯ ಕಡೆ ತಿರುಗಿತು. ಮಂಡಕ್ಕಿಗೆ ನಾವು ಉಪ್ಪು ಬೆರೆಸಿದ ಅಕ್ಕಿಯನ್ನೇ ಹುರಿಯುವುದು! ಬೆಳಗಿನಿಂದ ಹುರಿದ ಅಷ್ಟೂ ರಾಶಿ ಒಳಗೆ ಹೋಯಿತು. ಯಂತ್ರದ ಹೊಟ್ಟೆಯಲ್ಲಿ ಸಮುದ್ರ ಮತ್ತಷ್ಟು ಉಪ್ಪಾಯಿತು. ನಲ್ಲಿಯ ಧಾರೆ ಅಂಗಳಕ್ಕೆ ಹರಿಯಿತು.

"ಒಲೆ!" ಎಂದ ನನ್ನ ಗಂಡ. ಆ ದಿನ ಅವನಾಡಿದ ಮೊದಲ ಮಾತು. ಎಣ್ಣೆ ಒಲೆಗಳತ್ತ ಹರಿಯುತ್ತಿತ್ತು! ಮೂವರೂ ಬಾಣಲೆಗಳ ಮರಳನ್ನೆಲ್ಲ ಒಲೆಗಳಿಗೆ ಮಗುಚಿದೆವು. ಬೆಂಕಿ ಸತ್ತಿತು. ಸಣ್ಣ ಕಿಡಿಯೂ ಉಳಿಯದಂತೆ ನಾನು ನೀರು ಹೊಯ್ದೆ.

ಆಗ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ತಪಾಸಣೆಯ ಜಂಬುನಾಥ ಸಾಹೇಬರು!

"ಏನಮ್ಮಾ, ಚಿಮಣಿ ತಣ್ಣಗಿದೆ?"

"ನಮ್ಮದೀಗ ಹೊಗೆ ಇಲ್ಲದ ಭಟ್ಟಿ ಸಾಹೇಬ್ರೇ," ಎಂದೆ, ಎಣ್ಣೆಯ ಮೇಲೆ ನಿಂತು, ನೈಲಾನ್ ಸೀರೆಯ ಅಂಚನ್ನು ಹರಡಿ ಅದನ್ನು ಮರೆಮಾಡುತ್ತ.

ಅವರು ಕಾಲಿಟ್ಟದ್ದೇ ತಡ, ಸೊಂಡಿಲು ಅವರ ಚರ್ಮದ ಚಪ್ಪಲಿಗಳನ್ನು ಕಿತ್ತುಕೊಂಡಿತು. "ಏಯ್! ಏಯ್!" ಎನ್ನುವಷ್ಟರಲ್ಲಿ ಕಂಕುಳಲ್ಲಿದ್ದ ಬೀಗದ ನೋಟೀಸೂ ಹೋಯಿತು. ಕಾಗದ ತಾನೇ, ಮರದ್ದೇ! ಆಮೇಲೆ ಹತ್ತಿಯ ಅಂಗಿ, ಬನಿಯನ್ನು ಎರಡೂ ಹೋದವು. ಪ್ಯಾಂಟಿನ ಬಳಿಗೆ ಬಂದು ಮೂಸಿ, ಥೂ ಎಂಬಂತೆ ಹಿಂದೆ ಸರಿಯಿತು.

"ಪಾಲಿಯೆಸ್ಟರ್!" ಉಜ್ಜಿನಪ್ಪ ಚಪ್ಪಾಳೆ ತಟ್ಟಿದ. "ಅದನ್ನ ಮಾಡೋದೇ ಕಲ್ಲೆಣ್ಣೆಯಿಂದ. ಎಣ್ಣೆ ಆಗಿ ಬಂದಿದ್ದನ್ನ ಮತ್ತೆ ಯಾಕೆ ತಿನ್ನತೈತಿ? ಎಂಥಾ ಬುದ್ಧಿ ನೋಡ್ರಿ ಸಾಹೇಬ್ರೇ!"

"ನನ್ನ ಅಂಗಿ ಕೊಡ್ರೀ!"

"ಈ ನಲ್ಲಿಯಾಗೇ ಬರತೈತಿ, ಹಿಡ್ಕಳ್ರಿ!"

ತಿನ್ನಲು ಇನ್ನೇನೂ ಸಿಗದೆ ಯಂತ್ರ ಕೆಳಗೆ ಬಾಗಿತು. ತಾನು ನಿಂತಿದ್ದ ಮರದ ಹಲಗೆಗಳನ್ನೇ ಒಂದೊಂದಾಗಿ ತಿಂದಿತು! ಕೊನೆಯ ಹಲಗೆ ಹೋದಾಗ ಬಾಯ್ಲರು ಎಣ್ಣೆಯಲ್ಲಿ ನೆನೆದ ಮಣ್ಣಿನೊಳಕ್ಕೆ ಬುಳುಬುಳು ಎನ್ನುತ್ತ ಇಳಿದು, ಕೆಳಗಿದ್ದ ಹಾಳುಬಾವಿಗೆ ಬಿದ್ದು ಕಾಣೆಯಾಯಿತು. ಅದು ಹೋದ ಜಾಗದಲ್ಲಿ ಕಪ್ಪು ಗುಳ್ಳೆಯೊಂದು ಎದ್ದು ಒಡೆಯಿತು.

ಸಾಹೇಬರು ಬರಿಮೈಯಲ್ಲಿ ನಿಂತು ಬಹಳ ಹೊತ್ತು ಚಿಮಣಿ ನೋಡಿದರು. "ಹೊಗೆ ಇಲ್ಲ. ಬೀಗ ಹಾಕೋ ಹಾಗಿಲ್ಲ," ಎಂದರು. ನ್ಯಾಯವಂತ ಮನುಷ್ಯ. ನಾನು ಕೈಮುಗಿದು ಗಂಡನ ಅಂಗಿಯೊಂದನ್ನು ಕೊಟ್ಟು ಕಳಿಸಿದೆ.

ಆದರೆ ಅವರು ಕಚೇರಿಗೆ ಹೋಗಿ, ಭಟ್ಟಿ ಓಣಿಯ ನೆಲದಲ್ಲಿ ಎಣ್ಣೆ ಉಕ್ಕುತ್ತಿದೆ ಎಂದೂ ವರದಿ ಮಾಡಿದರು. ಮರುದಿನವೇ ಎಣ್ಣೆ ಹುಡುಕುವವರು ಲಾರಿಗಳಲ್ಲಿ ಬಂದರು. ಅಂಗಳಕ್ಕೆ ತಂತಿ ಬೇಲಿ, ಭಟ್ಟಿಯ ಬಾಗಿಲಿಗೆ ನನ್ನ ತಲೆಯಷ್ಟು ದೊಡ್ಡ ಬೀಗ!

"ಸ್ವಾಮೀ, ಅದು ನೆಲದ ಎಣ್ಣೆ ಅಲ್ಲ. ನಿನ್ನೆ ಹುರಿದ ನಮ್ಮ ಮಂಡಕ್ಕಿ!" ಎಂದು ಕೂಗಿದೆ.

ಅವರಲ್ಲಿ ಕನ್ನಡಕದವನೊಬ್ಬ ನಗುತ್ತ ನನ್ನನ್ನು ಕೂರಿಸಿಕೊಂಡು, ಕಲ್ಲೆಣ್ಣೆ ಆಗಲು ಕೋಟ್ಯಂತರ ವರ್ಷ ಬೇಕಮ್ಮಾ ಎಂದು ಮೊದಲಿಂದ ಪಾಠ ಹೇಳಿದ. ಉಜ್ಜಿನಪ್ಪ ಪಕ್ಕದಲ್ಲಿ ನಿಂತು ಅವನಿಗೆ ತಲೆಯಾಡಿಸುತ್ತಿದ್ದ, ಮನೆಹಾಳ!

ಅವರು ಇನ್ನೂ ಕೊರೆಯುತ್ತಿದ್ದಾರೆ. ಇಲ್ಲಿಯವರೆಗೆ ಸಿಕ್ಕಿದ್ದು ಬರೀ ನಮ್ಮ ಬಾಣಲೆಯ ಮರಳು. ಸಂಜೆ ಚಹಾದ ಜೊತೆ ಅವರಿಗೆ ಮಂಡಕ್ಕಿ ಬೇಕೇ ಬೇಕಂತೆ. ಪಕ್ಕದ ಓಣಿಯಿಂದ ತರಿಸಿ ಕೊಡುತ್ತೇನೆ. ಗರಿಗರಿಯಾಗಿಲ್ಲ ಎಂಬ ಬೈಗುಳ ಮಾತ್ರ ನನಗೇ.